ಅಜ್ಜಯ್ಯನ ಹೊಳೆ ನಮಸ್ಕಾರ

ಹೊಳೆ ಬಾಗುವ ಕಡೆ ಒಂದು ಆಶ್ರಮವಿತ್ತು. ಅಲ್ಲಿನ ಗುರುಗಳಿಗೆ ಉದ್ದನೆಯ ಒಂದು ಹೆಸರಿತ್ತು. ಅದನ್ನು ಪೂರ್ತಿ ಹೇಳುವ ಪುರಸೊತ್ತು ಯಾರಿಗೂ ಇರಲಿಲ್ಲ. ಎಲ್ಲರಿಗೂ ಅವರು ಅಜ್ಜಯ್ಯ.

ಅಡುಗೆಮನೆ ಶಿತಿಕಂಠನದು. ಆಶ್ರಮಕ್ಕೆ ಬಂದ ವರ್ಷ ಸೌಟು ಹಿಡಿದವನು ಗಡ್ಡ ನರೆತರೂ ಕೆಳಗಿಟ್ಟಿರಲಿಲ್ಲ. ಅವನ ಸಾರು ಉಂಡವರು ಮೋಕ್ಷದ ವಿಷಯವನ್ನು ಸ್ವಲ್ಪ ಹೊತ್ತು ಮರೆತೇಬಿಡುತ್ತಿದ್ದರು.

ದಿನವೂ ಬೆಳಗ್ಗೆ ಅಜ್ಜಯ್ಯ ಹೊಳೆದಂಡೆಯ ಮರಳಿನ ಮೇಲೆ ಬೋರಲಾಗಿ ಮಲಗುತ್ತಿದ್ದರು. ಅಂಗೈ ಊರಿ, ಮೆಲ್ಲಗೆ ಎದೆ ಎತ್ತಿ, ಹೊಳೆಯನ್ನು ನೋಡುತ್ತಿದ್ದರು. ಮತ್ತೆ ಮಲಗುತ್ತಿದ್ದರು, ಮತ್ತೆ ಎತ್ತುತ್ತಿದ್ದರು. ಆಮೇಲೆ ದಂಡೆಯುದ್ದಕ್ಕೂ ನಡೆದು ಬರುತ್ತಿದ್ದರು.

ಶಿಷ್ಯರೆಲ್ಲ ಅವರ ಪಕ್ಕದಲ್ಲಿ ಸಾಲಾಗಿ ಮಲಗಿ ಹಾಗೇ ಮಾಡುತ್ತಿದ್ದರು. ಅದಕ್ಕೆ ಹೊಳೆ ನಮಸ್ಕಾರ ಎಂದು ಹೆಸರಾಗಿತ್ತು. ಒಬ್ಬ ಶಿಷ್ಯ ಅದಕ್ಕೊಂದು ಶ್ಲೋಕವನ್ನೂ ಕಟ್ಟಿದ್ದ.

ಶಿತಿಕಂಠ ಮಾತ್ರ ಹೋಗುತ್ತಿರಲಿಲ್ಲ. ಆ ಹೊತ್ತಿಗೆ ಒಲೆ ಹೊತ್ತಿಸದಿದ್ದರೆ ನಮಸ್ಕಾರ ಮುಗಿಸಿ ಬಂದವರಿಗೆ ಗಂಜಿ ಎಲ್ಲಿಂದ ಬರಬೇಕು?

ಆಷಾಢದ ಹುಣ್ಣಿಮೆಯಂದು ಅಲ್ಲಿ ಉಪದೇಶ. ವರ್ಷಕ್ಕೆ ಒಬ್ಬನೇ ಶಿಷ್ಯನಿಗೆ. ಬೆಳಗ್ಗೆ ಬಿಲ್ವದ ಕಟ್ಟೆಯ ಮೇಲೆ ಗುರುವಿನ ಎದುರು ಚಕ್ಕಳಮಕ್ಕಳ ಹಾಕಿ ಕೂರಬೇಕು. ಮರದ ನೆರಳು ಕಟ್ಟೆ ಬಿಟ್ಟು ಇಳಿಯುವವರೆಗೆ ಗುರು ಹೇಳುತ್ತಾರೆ, ಶಿಷ್ಯ ಕೇಳುತ್ತಾನೆ. ಗುರು ಏಳುವ ಮೊದಲು ಶಿಷ್ಯ ಎದ್ದರೆ ಉಪದೇಶ ಮುರಿದ ಹಾಗೆ. ಗುರು ಎದ್ದ ಮೇಲೂ ಶಿಷ್ಯ ಕೂತೇ ಇದ್ದರೆ ಅದಕ್ಕಿಂತ ದೊಡ್ಡ ಅಗೌರವ ಇಲ್ಲ. ಅಲ್ಲಿನ ಕಟ್ಟಳೆ ಇಷ್ಟೇ.

ಶಿತಿಕಂಠನ ಸರದಿ ಎಷ್ಟೋ ಸಲ ಬಂದಿತ್ತು. ಹುಣ್ಣಿಮೆಗೆ ಬಂದ ಜನಕ್ಕೆ ಊಟ ಯಾರು ಹಾಕುತ್ತಾರೆ ಎಂದು ಪ್ರತಿ ಸಲವೂ ಅವನೇ ಹಿಂದೆ ಸರಿದಿದ್ದ.

ಈ ಸಲ ಯುಗಾದಿ ಕಳೆಯುತ್ತಲೇ ಅಜ್ಜಯ್ಯ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಈ ವರ್ಷ ನೀನು ಕೂರ್ತೀಯ."

"ಸಾರಿಗೆ ಯಾರು ಅಜ್ಜಯ್ಯ?"

"ಒಂದು ದಿನ ಸಾರು ಕೆಟ್ಟರೆ ಯಾರೂ ಸಾಯಲ್ಲ. ಮುಂದಿನ ವರ್ಷದ ಹೊತ್ತಿಗೆ ನಾನು ಇರ್ತೀನೋ ಇಲ್ವೋ."

ಶಿತಿಕಂಠನಿಗೆ ಖುಷಿಯೂ ಅಳುವೂ ಒಟ್ಟಿಗೇ ಬಂತು. ಒಗ್ಗರಣೆ ಸೀದುಹೋಯಿತು.

ಅದಾಗಿ ಸ್ವಲ್ಪ ದಿನಕ್ಕೆ, ಈಳಿಗೆಮಣೆಯ ಮೇಲೆ ಕೂತು ಬೂದುಗುಂಬಳ ಹೆಚ್ಚಿ ಏಳುವಾಗ, ಅವನ ಸೊಂಟದಲ್ಲಿ ಛಳಕ್ಕೆಂದಿತು.

ಎದ್ದು ನಿಂತ. ನೋವು ಅಲ್ಲಿ ನಿಲ್ಲಲಿಲ್ಲ. ತೊಡೆಯ ಹಿಂಭಾಗದಲ್ಲಿ ಇಳಿದು, ಮೀನಖಂಡ ದಾಟಿ, ಹಿಮ್ಮಡಿಯವರೆಗೆ ಉರಿ ಹರಿಯಿತು. ಹೆಬ್ಬೆರಳು ಜೋಮು ಹಿಡಿಯಿತು. ಆ ದಿನದಿಂದ ಕೂತರೆ ಏಳಲಾಗದು, ಬಗ್ಗಿದರೆ ನೆಟ್ಟಗಾಗಲಾಗದು, ಸೀನಿದರಂತೂ ಜೀವವೇ ಹೋದ ಹಾಗೆ.

ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಈ ವರ್ಷವೂ ಉಪದೇಶ ತಪ್ಪುತ್ತದೆ ಎಂದು ಹೆದರಿದ.

ಗುಟ್ಟಾಗಿ ಮದ್ದು ಶುರುವಾಯಿತು. ಲಕ್ಕಿ ಸೊಪ್ಪಿನ ಶಾಖ. ಹುರಿದ ಉಪ್ಪಿನ ಗಂಟು. ಬೆಳ್ಳುಳ್ಳಿ ಕಾಯಿಸಿದ ಎಳ್ಳೆಣ್ಣೆ. ಸಂತೆಯಲ್ಲಿ ಸಿಕ್ಕಿದ, ಯಾವುದರದೆಂದು ಮಾರುವವನಿಗೇ ಗೊತ್ತಿಲ್ಲದ ಹಸಿರು ಎಣ್ಣೆ. ಎಲ್ಲೋ ಕಿವಿಗೆ ಬಿದ್ದ ಯಾವ ಮದ್ದನ್ನೂ ಬಿಡಲಿಲ್ಲ, ಎಲ್ಲವನ್ನೂ ಒಟ್ಟೊಟ್ಟಿಗೆ ಮಾಡಿದ. ಮಧ್ಯಾಹ್ನ ಉಗ್ರಾಣದ ಬಾಗಿಲು ಹಾಕಿಕೊಂಡು, ಹಲ್ಲು ಕಚ್ಚಿ, ಚಕ್ಕಳಮಕ್ಕಳ ಹಾಕಿ ಕೂರುವ ಅಭ್ಯಾಸವನ್ನೂ ಮಾಡಿದ. ಶಾಖದಿಂದ ಇಳಿದ ನೋವು ಕೂತದ್ದರಿಂದ ಏರುತ್ತಿತ್ತು.

ಒಂದು ದಿನ ಊಟಕ್ಕೆ ಕೂತ ಅಜ್ಜಯ್ಯ ಮೂಗರಳಿಸಿದರು.

"ಸಾರಿಗೆ ಲಕ್ಕಿ ಸೊಪ್ಪು ಹಾಕಿದ್ದೀಯಾ?"

"ಇಲ್ಲ ಅಜ್ಜಯ್ಯ."

"ಹಾಗಾದ್ರೆ ವಾಸನೆ ನಿನ್ನದೇ. ಎಲ್ಲಿ ನೋವು?"

ಶಿತಿಕಂಠ ಬಡಿಸುವ ಸೌಟನ್ನು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದ.

"ಇಷ್ಟು ದಿನ ಯಾಕೆ ಸುಮ್ಮನಿದ್ದೆ?"

"ಪರೀಕ್ಷೆ ಅಂದ್ಕೊಂಡು ತಡ್ಕೊಂಡೆ."

"ಯಾರು ಇಟ್ಟ ಪರೀಕ್ಷೆ?"

"ದೇವರು... ಹೊಳೆ ನಮಸ್ಕಾರ ಮಾಡದೇ ಇರೋನು ನಾನೊಬ್ಬನೇ. ಅದಕ್ಕೇ ಇರಬೇಕು."

ಅಜ್ಜಯ್ಯನಿಗೆ ನಗು ತಡೆಯಲಾಗದೆ ತುತ್ತು ನೆತ್ತಿಗೇರಿತು. ನೀರು ಕುಡಿದು ಸುಧಾರಿಸಿಕೊಂಡರು.

"ದೇವರಿಗೆ ನಿನ್ನ ಸೊಂಟ ಬಿಟ್ಟು ಬೇರೆ ಕೆಲಸ ಇದೆ. ನಾಳೆ ಪಟ್ಟಣಕ್ಕೆ ಹೋಗಿ ಡಾಕ್ಟರಿಗೆ ತೋರಿಸ್ಕೊಂಡು ಬಾ."

ಪಟ್ಟಣದ ಡಾಕ್ಟರಮ್ಮ ಅವನನ್ನು ಮಲಗಿಸಿ, ಕಾಲನ್ನು ನೆಟ್ಟಗೆ ಎತ್ತಿ ನೋಡಿದರು. ಅವನು ಕಿರುಚಿದ. ಅವರು ತಲೆದೂಗಿದರು.

ಸಂಜೆ ಅವನು ಬಂದು ವರದಿ ಒಪ್ಪಿಸಿದ.

"ಸಯಾಟಿಕಾ ಅಂತೆ ಅಜ್ಜಯ್ಯ. ನೋಯೋದು ಕಾಲು, ಆದ್ರೆ ತಪ್ಪು ಕಾಲಿನದಲ್ಲವಂತೆ. ಸೊಂಟದಲ್ಲಿ ಒಂದು ನರ ಅದುಮಿಕೊಂಡಿದೆಯಂತೆ. ನೋಯೋದು ಒಂದು ಕಡೆ, ತೊಂದರೆ ಇರೋದು ಇನ್ನೊಂದು ಕಡೆ."

"ಇದನ್ನೇ ನಾನು ನಿಮಗೆಲ್ಲ ಇಷ್ಟು ವರ್ಷದಿಂದ ಹೇಳ್ತಾ ಇರೋದು," ಎಂದರು ಅಜ್ಜಯ್ಯ. "ಔಷಧಿ?"

"ಸ್ವಲ್ಪ ದಿನ ಮಾತ್ರೆ. ಬಿಸಿ ಶಾಖ ಕೊಡಬಹುದು. ನೆಲದ ಮೇಲೆ ಕೂರಬಾರದು, ಬಗ್ಗಿ ಭಾರ ಎತ್ತಬಾರದು. ಹಾಗಂತ ಮಲಗೇ ಇರಬಾರದು, ಆಗಾಗ ನಡೀಬೇಕು. ಪಕ್ಕಕ್ಕೆ ಮಲಗಿ ಮಂಡಿ ಮಧ್ಯೆ ದಿಂಬು ಇಟ್ಕೋಬೇಕು. ಆಮೇಲೆ ಒಂದು ವ್ಯಾಯಾಮ ಹೇಳಿಕೊಟ್ಟರು, ಬೋರಲು ಮಲಗಿ..."

ಅಷ್ಟಕ್ಕೇ ಅವನ ಮಾತು ನಿಂತಿತು. ಅವನು ಅಜ್ಜಯ್ಯನ ಮುಖ ನೋಡಿದ. ಅಜ್ಜಯ್ಯ ಬೇರೆ ಕಡೆ ನೋಡುತ್ತಿದ್ದರು.

"ಬೋರಲು ಮಲಗಿ, ಅಂಗೈ ಊರಿ, ಮೆಲ್ಲಗೆ ಎದೆ ಎತ್ತಬೇಕಂತೆ," ಎಂದ ಶಿತಿಕಂಠ.

"ನಾಳೆ ಬೆಳಗ್ಗೆ ಹೊಳೆ ಹತ್ರ ಬಾ. ಗಂಜಿ ತಡವಾದ್ರೆ ಆಗಲಿ."

ಮರುದಿನ ಇಬ್ಬರೂ ಮರಳಿನ ಮೇಲೆ ಪಕ್ಕಪಕ್ಕ ಮಲಗಿದರು. ಉಳಿದ ಶಿಷ್ಯರು ಇನ್ನೂ ಬಂದಿರಲಿಲ್ಲ.

"ಅಜ್ಜಯ್ಯ, ಇದು ನಮಸ್ಕಾರ ಅಲ್ವಾ?"

"ನಿನ್ನ ವಯಸ್ಸಲ್ಲಿ ನನಗೂ ಹಿಡ್ಕೊಂಡಿತ್ತು. ಬಲಗಾಲು. ಪಂಡಿತರೊಬ್ಬರು ನೋಡಿ ಗೃಧ್ರಸಿ ಅಂದರು, ನಿನ್ನ ಡಾಕ್ಟರಮ್ಮ ಹೇಳಿದ್ದೇ. ಎಣ್ಣೆ ಕೊಟ್ಟರು, ಇದನ್ನೂ ಹೇಳಿಕೊಟ್ಟರು. ಎಲ್ಲರಿಗೂ ಆಗಿಬರೋದಿಲ್ಲ ಅಂತಾನೂ ಹೇಳಿದ್ರು. ನನಗೆ ಆಗಿಬಂತು."

"ಎಲ್ಲರೂ ನಮಸ್ಕಾರ ಅಂತಾನೇ ಮಾಡ್ತಿದ್ದಾರಲ್ಲ! ಶ್ಲೋಕ ಬೇರೆ ಇದೆ!"

"ಶ್ಲೋಕ ಚೆನ್ನಾಗಿದೆ. ಅವರ ಸೊಂಟಾನೂ ಚೆನ್ನಾಗಿದೆ. ಕೆಡಿಸೋದು ಯಾಕೆ?"

ಶಿತಿಕಂಠ ನಕ್ಕ. ನಕ್ಕರೂ ನೋಯಿತು.

"ಹಾಗಾದ್ರೆ ಇದು ಪೂಜೆಯೇ ಅಲ್ಲ ಅನ್ನಿ."

ಅಜ್ಜಯ್ಯ ಎದೆ ಎತ್ತಿ ಹೊಳೆಯನ್ನು ನೋಡಿದರು.

"ಶುರು ಮಾಡಿದ್ದು ಸೊಂಟಕ್ಕೆ. ತಲೆ ಎತ್ತಿದಾಗಲೆಲ್ಲ ಇವಳು ಎದುರಿಗೇ ಇದ್ದಳು. ಈಗ ಯಾವುದಕ್ಕೆ ಮಾಡ್ತೀನಿ ಅಂತ ನನಗೂ ಸರಿಯಾಗಿ ಗೊತ್ತಿಲ್ಲ."

ಅಡುಗೆಮನೆಯಲ್ಲಿ ಬದಲಾವಣೆ ಆಯಿತು. ನೆಲದ ಒಲೆ ಕಟ್ಟೆಯ ಮೇಲೆ ಏರಿತು. ಈಳಿಗೆಮಣೆ ಶ್ಲೋಕ ಕಟ್ಟಿದ ಶಿಷ್ಯನ ಪಾಲಾಯಿತು. ಅವನು ಹೆಚ್ಚಿದ ಬೀನ್ಸ್ ಒಂದೊಂದೂ ಒಂದೊಂದು ಛಂದಸ್ಸಿನಲ್ಲಿತ್ತು.

ಮಧ್ಯಾಹ್ನ ಅಜ್ಜಯ್ಯನೇ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿಯನ್ನು ತಮ್ಮ ಕೈಮೇಲೆ ನೋಡಿಕೊಂಡು, ಶಿತಿಕಂಠನ ಸೊಂಟಕ್ಕೆ ಇಡುತ್ತಿದ್ದರು. ಮೊದಲ ದಿನ ಅವನು ದಡಬಡಿಸಿ ಏಳಲು ಹೋದ.

"ಗುರುಗಳ ಕೈಲಿ ಸೇವೆ ಮಾಡಿಸ್ಕೊಂಡ್ರೆ ನನಗೆ ಪಾಪ ಬರುತ್ತೆ."

"ಇಷ್ಟು ವರ್ಷ ನಿನ್ನ ಕೈ ಊಟ ಉಂಡೆ. ನನಗೆ ಬರಲಿಲ್ವಲ್ಲ. ಮಲಕ್ಕೋ."

ಶಿತಿಕಂಠ ದಿಂಬಿಗೆ ಮುಖ ಒತ್ತಿಕೊಂಡ. ತಾಯಿ ಸತ್ತ ಮೇಲೆ ಅವನಿಗೆ ಹೀಗೆ ಶಾಖ ಕೊಟ್ಟವರು ಯಾರೂ ಇರಲಿಲ್ಲ.

ಮೆಲ್ಲಮೆಲ್ಲಗೆ ಉರಿ ಹಿಮ್ಮಡಿ ಬಿಟ್ಟಿತು. ಮೀನಖಂಡ ಬಿಟ್ಟಿತು. ಈಗ ತೊಡೆಯವರೆಗೆ ಮಾತ್ರ.

ಇಲ್ಲೇ ಅವನು ಎಡವಿದ್ದು. ಸ್ವಲ್ಪ ಹಗುರಾಯಿತು ಎನಿಸಿದ ದಿನವೆಲ್ಲ ಉಗ್ರಾಣಕ್ಕೆ ಹೋಗಿ, ಬಾಗಿಲು ಹಾಕಿಕೊಂಡು, ಚಕ್ಕಳಮಕ್ಕಳ ಹಾಕಿ ನೋಡುತ್ತಿದ್ದ. ನಿಜವಾಗಿ ವಾಸಿಯಾಗಿದೆಯೋ ಇಲ್ಲವೋ ಎಂದು. ಮಾರನೆಯ ದಿನ ಉರಿ ಮತ್ತೆ ಹಿಮ್ಮಡಿಗೆ ಇಳಿದಿರುತ್ತಿತ್ತು.

"ಯಾವ ಮದ್ದೂ ನಾಟಲ್ಲ ಅಜ್ಜಯ್ಯ," ಎಂದು ಗೋಳಾಡಿದ.



ಆ ದಿನ ಶಿತಿಕಂಠ ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟ. ಆ ಕಡೆ ತಿರುಗುವಷ್ಟರಲ್ಲಿ ಅಜ್ಜಯ್ಯ ಬಂದು ಮುಚ್ಚಳ ತೆಗೆದರು. ಪಾತ್ರೆಯನ್ನು ಓರೆ ಮಾಡಿ ನೋಡಿದರು. ಮುಚ್ಚಿ ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. ಮತ್ತೆ ಓರೆ ಮಾಡಿದರು, ಈ ಸಲ ಒಂದಿಷ್ಟು ಕುಲುಕಿದರು ಕೂಡ.

ಶಿತಿಕಂಠನಿಗೆ ತಡೆಯಲಾಗಲಿಲ್ಲ.

"ಏನ್ ಮಾಡ್ತಿದ್ದೀರಿ ಅಜ್ಜಯ್ಯ?"

"ಮೊಸರಾಯ್ತಾ ಅಂತ ನೋಡ್ತಿದ್ದೆ."

"ಹೀಗೆ ನೋಡ್ತಾ ಇದ್ರೆ ಎಲ್ಲಿ ಆಗುತ್ತೆ? ಒಡೆದು ನೀರಾಗುತ್ತೆ. ಬೆಚ್ಚಗೆ ಮುಚ್ಚಿಟ್ಟು ಅದರ ಪಾಡಿಗೆ ಬಿಡಬೇಕು!"

"ಹೌದೇನಪ್ಪ?" ಎಂದರು ಅಜ್ಜಯ್ಯ. "ನನಗೆ ಗೊತ್ತಿರಲಿಲ್ಲ."

ಹೋಗುವಾಗ ಉಗ್ರಾಣದ ಬಾಗಿಲನ್ನು ಒಮ್ಮೆ ನೋಡಿ ಹೋದರು.

ಶಿತಿಕಂಠನ ಕಿವಿ ಕೆಂಪಾಯಿತು. ಆಮೇಲೆ ಅವನು ಉಗ್ರಾಣಕ್ಕೆ ಹೋದದ್ದು ಅಕ್ಕಿ ಬೇಳೆ ತರುವುದಕ್ಕೆ ಮಾತ್ರ.

ಹುಣ್ಣಿಮೆ ಬರುವಷ್ಟರಲ್ಲಿ ಅವನು ಬಹುಪಾಲು ಹುಷಾರಾಗಿದ್ದ. ನಡೆಯುತ್ತಿದ್ದ, ನಿದ್ದೆ ಮಾಡುತ್ತಿದ್ದ, ಹೆದರದೆ ಸೀನುತ್ತಿದ್ದ. ತುಂಬ ಹೊತ್ತು ನೆಲದ ಮೇಲೆ ಕೂತರೆ ಮಾತ್ರ ಹಳೆಯ ಉರಿ ಎದ್ದು ಬರುತ್ತಿತ್ತು.

"ನಿನಗೊಂದು ಸ್ಟೂಲ್ ಹಾಕಿಸ್ತೀನಿ," ಎಂದರು ಅಜ್ಜಯ್ಯ.

"ನಿಮ್ಮೆದುರು ಸ್ಟೂಲ್ ಮೇಲಾ? ನನ್ನ ಕೈಲಿ ಆಗಲ್ಲ. ಎಲ್ಲರೂ ಕೂತ ಹಾಗೇ ಕೂರ್ತೀನಿ."

"ನೋವು ಬಂದ್ರೆ?"

"ಬರಲಿ. ಏಳೋದಿಲ್ಲ."

"ನಿನ್ನಿಷ್ಟ," ಎಂದರು ಅಜ್ಜಯ್ಯ.

ಹುಣ್ಣಿಮೆಯ ಬೆಳಗ್ಗೆ ಗುರುಶಿಷ್ಯರು ಬಿಲ್ವದ ಕಟ್ಟೆಯ ಮೇಲೆ ಎದುರುಬದುರು ಕೂತರು. ಕೆಳಗೆ ಜನ ಕೈಮುಗಿದು ನಿಂತಿದ್ದರು. ಅಜ್ಜಯ್ಯ ಮೆಲುದನಿಯಲ್ಲಿ ಹೇಳತೊಡಗಿದರು. ಇಷ್ಟು ವರ್ಷ ಕಾದ ಮಾತುಗಳು ಒಂದೊಂದಾಗಿ ಬರುತ್ತಿದ್ದವು. ಶಿತಿಕಂಠ ಬಾಯಾರಿದವನ ಹಾಗೆ ಕೇಳಿದ.

ನೆರಳು ಕಟ್ಟೆಯ ನಡುವಿಗೆ ಬರುವಷ್ಟರಲ್ಲಿ ಸೊಂಟದಲ್ಲಿ ಉರಿ ಹೊತ್ತಿತು. ತೊಡೆಗೆ ಇಳಿಯಿತು. ಮೀನಖಂಡಕ್ಕೆ ಇಳಿಯಿತು. ಅವನು ಕದಲಲಿಲ್ಲ. ಹಣೆಯ ಬೆವರು ಗಡ್ಡಕ್ಕೆ ಇಳಿದರೂ ಒರೆಸಿಕೊಳ್ಳಲಿಲ್ಲ. ಅಜ್ಜಯ್ಯನ ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನೋವು ಅಷ್ಟು ದೊಡ್ಡದಾಗಿತ್ತು.

ಇಷ್ಟು ಹತ್ತಿರ ಬಂದು ತಪ್ಪಿಹೋಗುತ್ತಿದೆಯಲ್ಲ ಎಂದು ಅವನ ಕಣ್ಣು ತುಂಬಿತು.

"ಅಯ್ಯಯ್ಯೋ!"

ಕೂಗಿದ್ದು ಅಜ್ಜಯ್ಯ. ಬಲಗಾಲು ಹಿಡಿದುಕೊಂಡು, ಅರ್ಧ ಮಾತಿನಲ್ಲೇ ಎದ್ದು ನಿಂತುಬಿಟ್ಟಿದ್ದರು.

ಜನ ದಂಗಾದರು. ನೆರಳು ಇಳಿಯುವ ಮೊದಲು ಗುರು ಎದ್ದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ.

ಗುರು ಎದ್ದ ಮೇಲೆ ಶಿಷ್ಯ ಕೂರುವಂತಿಲ್ಲ. ಶಿತಿಕಂಠ ಕಟ್ಟೆಗೆ ಕೈಯೂರಿ ಎದ್ದ.

"ಹಾಳಾದ್ದು ಕಾಲು ಹಿಡ್ಕೊಂಡುಬಿಡ್ತು," ಎಂದರು ಅಜ್ಜಯ್ಯ. "ಸ್ವಲ್ಪ ನಡೆದ್ರೆ ಸರಿಹೋಗುತ್ತೆ. ಎಲ್ಲಿ, ಭುಜ ಕೊಡು. ಉಪದೇಶ ಇನ್ನೂ ಮುಗಿದಿಲ್ಲ."

ಇಬ್ಬರೂ ಹೊಳೆದಂಡೆಗೆ ಇಳಿದರು. ಅಜ್ಜಯ್ಯ ಅವನ ಭುಜದ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಗಿ, ಬಿಟ್ಟ ಕಡೆಯಿಂದ ಮತ್ತೆ ಹೇಳತೊಡಗಿದರು. ನಡೆಯುತ್ತ ನಡೆಯುತ್ತ ಶಿತಿಕಂಠನ ಉರಿ ತಣಿಯಿತು. ಈಗ ಒಂದೊಂದು ಮಾತೂ ಕೇಳಿಸಿತು.

ಹೇಳಿ ಮುಗಿಯುವ ಹೊತ್ತಿಗೆ ಹಿಂದೆ ಬಿಲ್ವದ ನೆರಳೂ ಕಟ್ಟೆಯಿಂದ ಇಳಿದಿತ್ತು.

ಶಿತಿಕಂಠ ಮರಳಿನ ಮೇಲೆ ಹಿಂತಿರುಗಿ ನೋಡಿದ. ಅಜ್ಜಯ್ಯನ ಹೆಜ್ಜೆಗಳು ಒಂದೇ ಸಮನಾಗಿ, ನೆಟ್ಟಗೆ ಬಿದ್ದಿದ್ದವು. ಎಳೆದುಕೊಂಡು ಬಂದಿದ್ದ ಹೆಜ್ಜೆ ಅವನದೊಂದೇ.

"ಅಜ್ಜಯ್ಯ, ನಿಜ ಹೇಳಿ. ಹಿಡ್ಕೊಂಡಿದ್ದು ನಿಮ್ಮ ಕಾಲೋ, ನನ್ನ ಕಾಲೋ?"

ಅಜ್ಜಯ್ಯ ಅವನ ಭುಜದ ಮೇಲಿನ ಕೈ ತೆಗೆಯಲಿಲ್ಲ.

"ಯಾರ ಕಾಲು ಅಂತ ವಿಚಾರಿಸ್ತಾ ಕೂತಿದ್ರೆ ಇಬ್ಬರೂ ಇನ್ನೂ ಅಲ್ಲೇ ಇರ್ತಿದ್ವಿ ಕಣಪ್ಪ."