ಪಿಲಾತನ ತಂಬಿಗೆ

ಕಡುವಿನಹಳ್ಳಿಯ ಧರ್ಮಗುರುಗಳಾಗಿದ್ದ ಪೂಜ್ಯ ದಯಾನಾಥ ಸ್ವಾಮಿಗಳು ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸುಕಾಲ ಬಂತೆಂದರೆ ದೇವಾಲಯದ ಜಗಲಿಯ ಮೇಲೆ ಕುಳಿತು, ಯೇಸುವಿನ ಪಾಡುಗಳ ನಾಟಕಕ್ಕೆ ಬೇಕಾದ ಕಿರೀಟ, ಗುರಾಣಿಗಳನ್ನು ರಟ್ಟಿನಲ್ಲಿ ತಾವೇ ಕತ್ತರಿಸಿ ಅಂಟಿಸುತ್ತಿದ್ದರು. ಅಂಟು ಕಾಯಿಸಲು ಒಂದು ಒಡಕು ಮಡಕೆ, ಕೂರಲು ಒಂದು ಗೋಣಿಚೀಲ. ಅವರಿಗೆ ಅಷ್ಟು ಸಾಕಿತ್ತು.

ಆ ವರ್ಷ, ಯೇಸುವನ್ನು ಶಿಲುಬೆಗೆ ಒಪ್ಪಿಸಿದ ರೋಮನ್ ಅಧಿಕಾರಿ ಪಿಲಾತನ ಪಾತ್ರ ಚೌರಪ್ಪನದು. ಊರಿಗೇ ದೊಡ್ಡ ಗಂಟಲು ಅವನದು. ಅದರ ಜಂಬ ಗಂಟಲಿಗಿಂತ ದೊಡ್ಡದು. ಶಿಲುಬೆಯ ಬುಡದಲ್ಲಿ ನಿಲ್ಲುವ ರೋಮನ್ ಸೇನೆಯ ಶತಾಧಿಪತಿಗೆ ನಾಟಕದಲ್ಲಿ ಒಂದೇ ಮಾತು: "ನಿಜವಾಗಿಯೂ ಈತ ದೇವರ ಪುತ್ರ." ಅದನ್ನು ಸ್ವಾಮಿಗಳು ಬೇಕೆಂದೇ ತೊದಲುವ ಜೋಜಪ್ಪನಿಗೆ ಕೊಟ್ಟಿದ್ದರು. ಜೋಜಪ್ಪ ಬಾಯಿ ತೆರೆದರೆ ಸಾಕು, ಚೌರಪ್ಪ "ನಿ-ನಿ-ನಿ" ಎಂದು ಅಣಕಿಸುವನು. ಮಿಕ್ಕವರು ಹೊಟ್ಟೆ ಹಿಡಿದುಕೊಂಡು ನಗುವರು. ಸ್ವಾಮಿಗಳು ಎದುರಿಗಿದ್ದಾಗ ಮಾತ್ರ ಎಲ್ಲರೂ ಬಲು ಸಾಧುಗಳು. ಹತ್ತು ದಿನ ಸಹಿಸಿದ ಜೋಜಪ್ಪ ಆಮೇಲೆ ಅಭ್ಯಾಸಕ್ಕೆ ಬರುವುದನ್ನೇ ಬಿಟ್ಟ.

ನಾಟಕವಾಡುವ ಶುಭ ಶುಕ್ರವಾರಕ್ಕೆ ಮೂರು ದಿನವಿರುವಾಗ ಜೋಜಪ್ಪನ ತಾಯಿ ಆರೋಗ್ಯಮ್ಮ ಜಗಲಿಯ ಬಳಿ ಬಂದು ನಿಂತಳು. ಕಂಬದ ಮರೆಯಲ್ಲಿ ಪಿಲಾತನ ನಿಲುವಂಗಿ ತೊಟ್ಟು ನೋಡುತ್ತಿದ್ದ ಚೌರಪ್ಪ ಇನ್ನಷ್ಟು ಹಿಂದಕ್ಕೆ ಸರಿದ.

"ಸ್ವಾಮಿ, ನನ್ ಮಗ ಮನೇಲೂ ಮಾತು ಬಿಟ್ಟವ್ನೆ. ಬಾಯಾರುದ್ರೆ ನೀರು ಬೇಕು ಅಂತ ಕೈಸನ್ನೆ ಮಾಡ್ತಾನೆ," ಎಂದು ಅತ್ತು ಹೋದಳು. ಯಾರ ಹೆಸರನ್ನೂ ಎತ್ತಲಿಲ್ಲ.

ಇನ್ನು ಪಾತ್ರ ಹೋಯಿತು, ಊರ ಮುಂದೆ ಮಾನವೂ ಹೋಯಿತು ಎಂದುಕೊಂಡು ಚೌರಪ್ಪ ಮರೆಯಿಂದ ಹೊರಬಂದ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡ.

"ಸ್ವಾಮಿ, ನಾನ್ ತಮಾಸೆಗೆ ಅಂದಿದ್ದು. ನಕ್ಕೋರು ಎಲ್ರೂವೆ. ನಂದೊಬ್ಬಂದೇ ತಪ್ಪಾ?"

ಸ್ವಾಮಿಗಳು ಗದರಲಿಲ್ಲ. ಯೇಸುವಿನ ಸಾವಿನಲ್ಲಿ ತನ್ನ ತಪ್ಪಿಲ್ಲವೆಂದು ಪಿಲಾತ ಕೈ ತೊಳೆದುಕೊಳ್ಳುವ ದೃಶ್ಯಕ್ಕೆಂದು ಬೆಳಗಿಟ್ಟಿದ್ದ ತಾಮ್ರದ ತಂಬಿಗೆಗೆ ನೀರು ತುಂಬಿ ಅವನ ಮುಂದಿಟ್ಟರು.

"ಕೈ ತೊಳ್ಕೊಳ್ಳೋದಾದ್ರೆ ತೊಳ್ಕೋ ಮಗ. ಇಲ್ಲ ಅಂದ್ರೆ ಬಾಯಾರಿದವನಿಗೆ ತಗೊಂಡು ಹೋಗಿ ಕೊಡು," ಎಂದು ಮತ್ತೆ ರಟ್ಟಿನ ಕೆಲಸಕ್ಕೆ ತಲೆ ಬಗ್ಗಿಸಿದರು.

ಚೌರಪ್ಪ ತಂಬಿಗೆ ಹಿಡಿದು ಹೊರಟ. ದಾರಿಯುದ್ದಕ್ಕೂ ಅಂಜಿಕೆ: ಮುಖದ ಮೇಲೆ ಬಾಗಿಲು ಹಾಕಿಕೊಂಡರೆ? ಆರೋಗ್ಯಮ್ಮ ಬೀದಿಗೆ ಬಂದು ಕೂಗಾಡಿದರೆ? ಹಿತ್ತಲಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದ ಜೋಜಪ್ಪ ಅವನನ್ನು ಕಂಡೊಡನೆ ಎದ್ದು ಗೋಡೆಗೆ ಒತ್ತಿಕೊಂಡ. ಆ ಹೆದರಿಕೆ ನೋಡಿದ ಚೌರಪ್ಪನ ದೊಡ್ಡ ಗಂಟಲು ಕಟ್ಟಿತು.

"ತ... ತ... ತಪ್..."

ಮಾತು ಹೊರಡಲೊಲ್ಲದು. ಜೋಜಪ್ಪನ ಕಣ್ಣು ತುಂಬಿತು. ತಾನು ಮನೆಯವರೆಗೂ ಬಂದು ಅಣಕಿಸುತ್ತಿದ್ದೇನೆ ಎಂದು ಜೋಜಪ್ಪ ತಿಳಿದನಲ್ಲ ಎಂದು ಹೊಳೆದಾಗ ಚೌರಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅಷ್ಟರಲ್ಲಿ ಜೋಜಪ್ಪನ ನೋಟ ಅವನ ಕೈಗಳ ಮೇಲೆ ಬಿತ್ತು. ಕೈ ನಡುಗಿ ನೀರು ತುಳುಕುತ್ತಿತ್ತು. ಜೋಜಪ್ಪ ಹತ್ತಿರ ಬಂದು ತಂಬಿಗೆಗೆ ತನ್ನ ಕೈಯನ್ನೂ ಕೊಟ್ಟ.

"ನಿ... ನಿದಾನಕ್ಕೆ ಹೇಳಣ್ಣ. ನಾ... ನಾನು ಕಾಯ್ತೀನಿ."

ಆ ಮಾತನ್ನು ಜೋಜಪ್ಪನಿಗೆ ಆ ಊರಲ್ಲಿ ಯಾರೂ ಒಮ್ಮೆಯೂ ಹೇಳಿರಲಿಲ್ಲ.

ಶುಕ್ರವಾರ ಶಿಲುಬೆಯ ಬುಡದಲ್ಲಿ ಶತಾಧಿಪತಿಯ ಮಾತು "ದೇವರ" ಎಂಬಲ್ಲಿ ಸಿಕ್ಕಿಕೊಂಡಿತು. ಜನರ ನಡುವೆ ಯಾರೋ ಕಿಸಕ್ಕೆಂದರು. ತನ್ನ ಪಾತ್ರ ಮುಗಿಸಿ ಮರೆಯಲ್ಲಿದ್ದ ಪಿಲಾತ ಮತ್ತೆ ರಂಗಕ್ಕೆ ಬಂದು, ಜೋಜಪ್ಪನ ಪಕ್ಕದಲ್ಲಿ ಕೈಮುಗಿದು ಕಾದು ನಿಂತ. ಅವನನ್ನು ನೋಡಿ ಊರೂ ಕಾಯಿತು. "ಪುತ್ರ" ಎಂಬ ಮಾತು ಹೊರಬರುವ ಹೊತ್ತಿಗೆ ಚೌರಪ್ಪ ಮೊಣಕಾಲೂರಿದ್ದ.