ಬೇಲಿ ಪಕ್ಕದ ಗೋಧಿ

ಪಾಳೆಯಗಾರ ಸರ್ಜಪ್ಪನಾಯಕನಿಗೆ ಪಕ್ಕದ ಪಾಳೆಯದ ಮಲ್ಲನಾಯಕನನ್ನು ಕಂಡರೆ ಹೊಟ್ಟೆಕಿಚ್ಚು. ಇಬ್ಬರೂ ಜಿಂಕೆ ಸಾಕಿದ್ದರು. ನಡುವೆ ಇದ್ದದ್ದು ಒಂದೇ ಬೇಲಿ.

ಮಲ್ಲನಾಯಕ ತನ್ನ ಜಿಂಕೆಗಳಿಗೆ ಜೋಳ ಹಾಕಿಸುತ್ತಾನೆ ಎಂಬ ಸುದ್ದಿ ಬಂತು. ಸರ್ಜಪ್ಪನಾಯಕ ಜಿಂಕೆ ಮೇಯಿಸುವ ಬೋರನನ್ನು ಕರೆಸಿದ.

"ನಾಳೆಯಿಂದ ನಮ್ಮವಕ್ಕೆ ಬರೀ ಗೋಧಿ! ಮೂಟೆಗಟ್ಟಲೆ ಸುರಿ. ಅವನು ನೋಡಿ ಉರಿಯಬೇಕು. ಒಂದು ಜಿಂಕೆ ಸತ್ತರೂ ನಿನ್ನ ಚರ್ಮ ಸುಲಿಸ್ತೀನಿ."

ಬೋರನಿಗೆ ಗೊತ್ತಿತ್ತು: ಹೊಟ್ಟು, ಹುಲ್ಲು, ಹಿಡಿ ಹುರುಳಿ ತಿಂದು ಬೆಳೆದ ಜಿಂಕೆಗಳು ಒಮ್ಮೆಲೇ ಗೋಧಿ ಮೆದ್ದರೆ ಹೊಟ್ಟೆಯುಬ್ಬಿ ಸಾಯುತ್ತವೆ. ಹಾಗೆಂದು ಹೇಳಿದರೆ ಒಡೆಯ ಕೇಳುವವನಲ್ಲ.

"ಅಪ್ಪಣೆ ಬುದ್ಧೀ" ಎಂದವನೇ ಬೇಲಿ ಪಕ್ಕ ಹತ್ತು ಮೂಟೆ ಗೋಧಿ ರಾಶಿ ಹಾಕಿಸಿದ. ಆಚೆಯಿಂದ ಮಲ್ಲನಾಯಕ ಇಣುಕಿದ, ಮುಖ ಹುಳಿ ಮಾಡಿಕೊಂಡು ಹೋದ. ಸರ್ಜಪ್ಪನಾಯಕ ಹಿಗ್ಗಿ ಹೀರೇಕಾಯಿಯಾದ.

"ಜಿಂಕೆ ಬಿಡೋ!"

"ಬಿಡ್ತೀನಿ ಬುದ್ಧೀ. ಆದರೆ ಸಂಜೆಗೆ ರಾಶಿ ಅರ್ಧ ತಗ್ಗುತ್ತೆ."

"ಮತ್ತೆ ತುಂಬಿಸು."

"ತುಂಬಿಸ್ತೀನಿ. ತಗ್ಗಿದ ಹೊತ್ತಿಗೇ ಆಚೆ ನಾಯಕರು ಇಣುಕಿ, 'ಪಾಪ, ಸರ್ಜಪ್ಪನ ಕಣಜ ಇಷ್ಟು ಬೇಗ ಬರಿದಾಯ್ತೇ' ಅಂತ ನಕ್ಕರೆ?"

ನಾಯಕನ ಮೀಸೆ ಅದುರಿತು. "ಒಂದು ಕಾಳೂ ಕದಲಕೂಡದು! ರಾಶಿಗೆ ಇಬ್ಬರು ಕಾವಲು ನಿಲ್ಲಲಿ. ಜಿಂಕೆ ಹತ್ತಿರ ಸುಳಿದರೆ ಓಡಿಸಲಿ."

"ಹಾಗಾದರೆ ಅವಕ್ಕೇನು ಹಾಕಲಿ ಬುದ್ಧೀ?"

"ಹೊಟ್ಟೋ ಹುರುಳಿಯೋ ಏನಾದರೂ ಹಾಕಯ್ಯ! ಜಿಂಕೆ ಹೊಟ್ಟೆಯೊಳಗೆ ಅವನೇನು ಇಣುಕಿ ನೋಡ್ತಾನಾ?"