ಬೇಕರಿಯವನ ಗೇಮಿನ ಪೆಟ್ಟಿಗೆ

“ಅಜ್ಜಾರ, ಜಪಕ್ಕ ಕುಂತ್ರ ಮನಸ್ಸು ನಿಂತೈತೋ ಇಲ್ಲೋ ಅಂತ ನೋಡೂದ್ರಾಗ ಹೊತ್ತು ಹೋಗ್ತೈತ್ರಿ. ಈ ಅಂಜಿಕಿ ಯಾವಾಗ ಬಿಡ್ತೈತಿ?” ಎಂದು ಕೊಟ್ರೇಶ ಕೇಳಿದ.

ಕೊಟ್ರೇಶ ಮಠದ ಶಿಷ್ಯ. ಗುರುಗಳು ಮೊದಲು ಕೊಟ್ಟಿದ್ದ ಸಣ್ಣ ಜಪ ತನಗೆ ಸಾಲದೆಂದು ಹಟ ಹಿಡಿದು, ದೊಡ್ಡದೊಂದನ್ನು ಪಡೆದುಕೊಂಡಿದ್ದ. ಅಂದಿನಿಂದ ಅವನ ನೆಮ್ಮದಿ ಕೆಟ್ಟಿತ್ತು. ಎಲ್ಲಿ ತಪ್ಪುತ್ತದೋ, ಎಲ್ಲಿ ನಡುವೆ ಕಡಿದುಹೋಗುತ್ತದೋ ಎಂಬುದೇ ಚಿಂತೆ. ಊರೆಲ್ಲ ಅಜ್ಜಾರು ಎಂದು ಕರೆಯುತ್ತಿದ್ದ ಗುರುಗಳು ಅವನ ಬಾಡಿದ ಮುಖ ನೋಡಿ ನಕ್ಕರು. ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬೇಕರಿಯವನಿದ್ದ. ಅವನಿಗೆ ಒಬ್ಬ ತಮ್ಮ, ಒಬ್ಬ ತಂಗಿ. ತಂಗಿಯ ಮದುವೆಗೆ ತಮ್ಮ ತಡವಾಗಿ ಬಂದ. ಬೀಗರ ಎದುರಿಗೇ ಬೇಕರಿಯವನು, ನೀನು ಬಂದರೇನು ಬಿಟ್ಟರೇನು ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಅಕ್ಷತೆ ಹಾಕಿ, ಊಟಕ್ಕೂ ನಿಲ್ಲದೆ ಹೊರಟುಹೋದ. ದೂರದ ಊರಿನ ಪಶು ಆಸ್ಪತ್ರೆಯಲ್ಲಿ ಕೆಲಸ ಹಿಡಿದು ಅಲ್ಲಿಯೇ ಉಳಿದ. ಅಣ್ಣನ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ. ಫೋನು ಮಾಡಿದರೆ ಊಟ ಆಯಿತೇ ಎಂದು ಇವನು ಕೇಳುವನು, ಆಯಿತು ಎಂದು ಅವನು ಹೇಳುವನು. ಅಲ್ಲಿಗೆ ಮಾತು ಮುಗಿಯುವುದು.

ಆದರೆ ಇಬ್ಬರಿಗೂ ಚಿಕ್ಕಂದಿನಿಂದ ಗೇಮಿನ ಹುಚ್ಚು. ಹೇಗೋ ಕಂಪ್ಯೂಟರಿನ ಯುದ್ಧದಾಟವೊಂದರಲ್ಲಿ ಇಬ್ಬರೂ ಒಂದೇ ಪಡೆಗೆ ಬಂದು ಬಿದ್ದರು. ಆಮೇಲೆ ಅದೇ ರೂಢಿಯಾಯಿತು. ಸಂಜೆ ವ್ಯಾಪಾರ ಇಳಿದ ಮೇಲೆ ಇವನು ಇಲ್ಲಿ, ಅವನು ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುವರು. ಆಟದಲ್ಲಿ ಗೋಡೆಯ ಮರೆಗೆ ಹೊಂಚು ಹಾಕಿ ಕೂತಾಗ, ಫೋನಿನಲ್ಲಿ ಬಾರದ ಮಾತು ಒಂದೊಂದಾಗಿ ಬರುತ್ತಿತ್ತು. ಅವ್ವ ಇದ್ದಾಗಿನ ಮಾತು, ಸತ್ತುಹೋದ ನಾಯಿಯ ಮಾತು, ಒಮ್ಮೊಮ್ಮೆ ಒಬ್ಬನೇ ಅಡುಗೆ ಮಾಡಿಕೊಂಡು ಉಣ್ಣುವ ಬೇಸರ. ಹಿಂದೆ ನಾನಿದ್ದೇನೆ, ನೀನು ಮುಂದೆ ಹೋಗು ಎಂದು ತಮ್ಮ ಹೇಳಿದರೆ ಬೇಕರಿಯವನ ಎದೆ ತಂಪಾಗುತ್ತಿತ್ತು. ಮನೆಗೆ ಬಾ ಎನ್ನಬೇಕೆಂದು ಅವನಿಗೆ ಜೀವ ತುಡಿಯುತ್ತಿತ್ತು. ಮಾತು ನಾಲಿಗೆಯ ತನಕ ಬಂದು ನಿಲ್ಲುತ್ತಿತ್ತು. ಬರುವುದಿಲ್ಲ ಎಂದುಬಿಟ್ಟರೆ ಈ ಆಟವೂ ಹೋಯಿತು. ಅವನ ಬಾಯಲ್ಲೇ ಬರಲಿ ಎಂದು ಸುಮ್ಮನಿದ್ದ.

ಬೇಕರಿಯವನ ಕಂಪ್ಯೂಟರ್ ತೀರ ಪುಟ್ಟ ಪೆಟ್ಟಿಗೆ. ನಾಲ್ಕು ಬ್ರೆಡ್ಡು ಜೋಡಿಸಿಟ್ಟಷ್ಟು ಇತ್ತು, ಅಷ್ಟೆ. ಆಟಕ್ಕೆ ಹೊಸ ರೂಪ ಬಂದಾಗ ಅದು ಏದುಸಿರು ಬಿಡತೊಡಗಿತು. ನಡುಯುದ್ಧದಲ್ಲಿ ಚಿತ್ರ ಗಕ್ಕನೆ ನಿಲ್ಲುವುದು. ಇವನು ನಿಂತ ತಪ್ಪಿಗೆ ತಮ್ಮ ಗುಂಡು ತಿನ್ನುವನು. ತಿಂದು, ಇರಲಿ ಬಿಡಣ್ಣ ಎಂದು ನಗುವನು. ಆ ನಗುವೇ ಬೇಕರಿಯವನಿಗೆ ಹೆದರಿಕೆ. ಇಂದು ನಗುತ್ತಾನೆ. ನಾಳೆ ಬೇಸತ್ತು ಬೇರೆ ಜೊತೆಗಾರರನ್ನು ನೋಡಿಕೊಂಡರೆ ತನಗೆ ಉಳಿಯುವುದೇನು?

ಅವನು ಪಟ್ಟಣಕ್ಕೆ ಹೋದ. ಹೆಚ್ಚಿನ ಶಕ್ತಿಯ ಪ್ರೊಸೆಸರ್ ಕೊಂಡ, ಚಿತ್ರವನ್ನು ಓಡಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಂಡ. ಅಂಗಡಿಯವನು ಪೆಟ್ಟಿಗೆಯ ಅಳತೆ ಕೇಳಿ, ಎರಡೂ ಕೂರುತ್ತವೆ, ಆದರೆ ಇಕ್ಕಟ್ಟಿನಲ್ಲಿ ಬಿಸಿ ಸ್ವಲ್ಪ ಹೆಚ್ಚು, ಅದರ ಮೇಲೊಂದು ಕಣ್ಣಿರಲಿ ಎಂದ. ಅವನು ಹೇಳಿದ್ದು ಒಂದು ಕಣ್ಣು. ಇವನು ಎರಡನ್ನೂ ಇಟ್ಟ.

ಭಾಗಗಳನ್ನು ತಾನೇ ಜೋಡಿಸಲು ಕೂತ. ಕೈಯಲ್ಲಿ ಹಿಟ್ಟಿನ ಪುಡಿ ಇದ್ದೀತೆಂದು ಮತ್ತೆ ಮತ್ತೆ ತೊಳೆದ. ಹಳೆಯ ಪ್ರೊಸೆಸರನ್ನು ತೆಗೆದು ಹೊಸದನ್ನು ಇಟ್ಟು, ಮೇಲೆ ಬಿಸಿಯನ್ನು ಹೊರಗೆಳೆಯುವ ಪೇಸ್ಟು ಸವರಿದ. ಹೆಚ್ಚಾಯಿತೆಂದು ಒರೆಸಿದ, ಕಡಿಮೆಯಾಯಿತೆಂದು ಮತ್ತೆ ಸವರಿದ. ಕಾರ್ಡನ್ನು ಒತ್ತಿದಾಗ ಕಟ್ಟೆಂದು ಸದ್ದಾಯಿತು. ಕೂತ ಸದ್ದೋ ಮುರಿದ ಸದ್ದೋ ತಿಳಿಯದೆ ಅವನ ಜೀವ ಅರ್ಧವಾಯಿತು. ಮುರಿದಿರಲಿಲ್ಲ. ಕಾರ್ಡಿಗೂ ಮುಚ್ಚಳಕ್ಕೂ ನಡುವೆ ಒಂದು ಬೆರಳು ತೂರುವಷ್ಟು ಜಾಗ ಉಳಿಯಿತು. ವೈರುಗಳನ್ನು ಮಡಿಚಿ ತುರುಕಿ, ಮುಚ್ಚಳ ಹಾಕಿ, ದೇವರ ಹೆಸರು ಹೇಳಿ ಗುಂಡಿ ಒತ್ತಿದ. ಪೆಟ್ಟಿಗೆ ಬೆಳಗಿತು. ಆ ಸಂಜೆ ಚಿತ್ರ ಎಣ್ಣೆಯ ಧಾರೆಯಂತೆ ಓಡಿತು. ತಮ್ಮ ಗುಂಡು ತಿನ್ನಲಿಲ್ಲ. ಅಣ್ಣ, ಈಗ ನೋಡು ಎಂದು ಹಿಗ್ಗಿದ.

ಕತೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಪರದೆಯ ಮೂಲೆಯಲ್ಲಿ ಒಳಗಿನ ಬಿಸಿಯನ್ನು ತೋರಿಸುವ ಸಂಖ್ಯೆಯನ್ನು ಹಾಕಿಕೊಳ್ಳಬಹುದೆಂದು ಬೇಕರಿಯವನಿಗೆ ಗೊತ್ತಾಯಿತು. ಅವನು ಬೆಂಕಿಯ ಎದುರೇ ಬೆಳೆದವನು. ಭಟ್ಟಿಯ ಬಾಯಿಗೆ ಚಿಟಿಕೆ ಹಿಟ್ಟು ಎರಚಿ, ಅದು ಕೆಂಪಾಗುವ ಬಗೆ ನೋಡಿ ಬಿಸಿಯನ್ನು ಹೇಳುವವನು. ಒಂದು ದಿನವೂ ಅಂಕಿ ನೋಡಿದವನಲ್ಲ. ಅಂಥವನಿಗೆ ಈ ಅಂಕಿ ಬೆವರು ಬಿಡಿಸಿತು. ಒಂದು ಏರಿದರೆ ಇವನ ಉಸಿರೂ ಏರುವುದು. ಒಂದು ಇಳಿದರೆ, ಮತ್ತೆ ಏರುವುದಕ್ಕೇ ಇಳಿದಿದೆ ಎನ್ನಿಸುವುದು. ಮೇಜಿನ ಫ್ಯಾನನ್ನು ಪೆಟ್ಟಿಗೆಗೆ ತಿರುಗಿಸಿದ. ಮುಚ್ಚಳ ತೆಗೆದ. ಧೂಳು ಹೊಕ್ಕೀತೆಂದು ಮತ್ತೆ ಹಾಕಿದ. ಹೆಂಡತಿ ಪೆಟ್ಟಿಗೆಯ ಮೇಲೆ ಕೈಯಿಟ್ಟು, ರೊಟ್ಟಿ ಸುಟ್ಟಿಟ್ಟ ಹಂಚಿನಷ್ಟೂ ಬಿಸಿಯಿಲ್ಲ ಎಂದಳು. ಒಳಗಿನದು ಕೈಗೆ ತಿಳಿಯುವುದಿಲ್ಲ ಎಂದು ಅವಳನ್ನೇ ಗದರಿದ. ಇದು ಸುಟ್ಟುಹೋದರೆ ತಮ್ಮನೂ ಹೋದ ಎಂದು ಅವನ ಲೆಕ್ಕ. ಭಯ ಸುಳ್ಳಲ್ಲ, ಪಾಪ. ತಮ್ಮನ ಮೇಲಿನ ಆಸೆಯಿಂದಲೇ ಹುಟ್ಟಿದ ಭಯ.

ನಾಗರ ಪಂಚಮಿ ಹತ್ತಿರ ಬಂತು. ಒಂದು ಸಂಜೆ ಆಟದಲ್ಲಿ ಇಬ್ಬರೂ ಮುರುಕು ಗೋಡೆಯೊಂದರ ಹಿಂದೆ ಕೂತಿದ್ದರು. ತಮ್ಮ ಬಂದೂಕಿಗೆ ಗುಂಡು ತುಂಬಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ.

“ಅಣ್ಣಾ, ಈ ಸಲ ಪಂಚಮಿಗೆ ಊರಿಗೆ ಬರ್ಲೇನು?”

ಆ ಹೊತ್ತಿಗೆ ಮೂಲೆಯ ಸಂಖ್ಯೆ ಏರುತ್ತಿತ್ತು. ಬೇಕರಿಯವನ ಕಿವಿಗೆ ತಮ್ಮನ ದನಿ ಬಿತ್ತು, ಮಾತು ಬೀಳಲಿಲ್ಲ.

“ತಡಿ, ತಡಿ,” ಎಂದ.

ಹೆಡ್‌ಫೋನ್ ಕಿತ್ತಿಟ್ಟು ಎದ್ದು ಫ್ಯಾನನ್ನು ಇನ್ನಷ್ಟು ಸಮೀಪಕ್ಕೆ ಎಳೆದ. ಸಂಖ್ಯೆ ಇಳಿಯುವ ತನಕ ನಿಂತು ನೋಡಿದ. ಮತ್ತೆ ಬಂದು ಕೂತು, ಏನೋ ಅಂದೆಯಲ್ಲ ಎಂದು ಕೇಳಿದ. ಏನಿಲ್ಲ ಬಿಡಣ್ಣ, ನೀನು ಹೇಳಿದಾಗಲೇ ಆಗಲಿ ಎಂದು ತಮ್ಮ ಹೇಳಿದ. ಬೇಕರಿಯವನು ಅದನ್ನು ಆಟದ ಮಾತೆಂದುಕೊಂಡ. ಬಿಸಿ ಇಳಿಯಿತಲ್ಲ ಎಂಬ ಸಮಾಧಾನದಲ್ಲಿದ್ದ.

ಆಮೇಲಿನ ದಿನಗಳಲ್ಲಿ ತಮ್ಮ ಆಟಕ್ಕೆ ಬಂದ, ಮಾತಿಗೆ ಬರಲಿಲ್ಲ. ಎಡಕ್ಕೆ, ಬಲಕ್ಕೆ ಎನ್ನುವನು, ಅಷ್ಟೆ. ಒಂದೊಂದು ಸಲ ಏನನ್ನೋ ಕೇಳಿಸಿಕೊಳ್ಳುವವನಂತೆ ತಡೆದು ನಿಲ್ಲುವನು. ಬೇಕರಿಯವನು ಇದನ್ನು ಗಮನಿಸಲಿಲ್ಲ. ಅವನ ಎರಡೂ ಕಣ್ಣು ಮೂಲೆಯಲ್ಲಿದ್ದವು. ಹಬ್ಬಕ್ಕೆ ಕೆಲವು ದಿನ ಇರುವಾಗ ತಮ್ಮ ಆಟಕ್ಕೂ ಬಾರದಾದ. ಕೆಲಸ ಹೆಚ್ಚಿರಬೇಕು, ಒಳ್ಳೆಯದೇ ಆಯಿತು, ಪೆಟ್ಟಿಗೆಗೂ ತುಸು ಬಿಡುವು ಎಂದುಕೊಂಡ.

ಪಂಚಮಿಗೆ ತಂಗಿ ತವರಿಗೆ ಬಂದಳು. ಬಂದವಳು ನೀರನ್ನೂ ಮುಟ್ಟದೆ, ಸಣ್ಣಣ್ಣನನ್ನು ಯಾಕೆ ಬರಗೊಡಲಿಲ್ಲ ಎಂದು ಕೇಳಿದಳು. ಬೇಕರಿಯವನಿಗೆ ತಲೆಬುಡ ತಿಳಿಯಲಿಲ್ಲ. ತಂಗಿ ಎಲ್ಲವನ್ನೂ ಹೇಳಿದಳು. ತಮ್ಮ ರಜೆ ಹಾಕಿದ್ದ. ಅಣ್ಣನ ಮಕ್ಕಳಿಗೆ ಬಟ್ಟೆ ತಂದಿದ್ದ. ಚೀಲ ತುಂಬಿ ಬಾಗಿಲ ಹತ್ತಿರವೇ ಇಟ್ಟಿದ್ದ. ಅವಳು ಫೋನು ಮಾಡಿದಾಗಲೆಲ್ಲ, ಅಣ್ಣನನ್ನು ಕೇಳಿದ್ದೇನೆ, ತಡಿ ಅಂದಿದ್ದಾನೆ, ಅವನಿನ್ನೂ ಬಾ ಅಂದಿಲ್ಲ ಎನ್ನುತ್ತಿದ್ದ. ನಿನ್ನೆ ಚೀಲ ಬಿಚ್ಚಿ ಬಟ್ಟೆಯನ್ನು ಒಳಗಿಟ್ಟನಂತೆ.

ಬೇಕರಿಯವನು ಕೂಡಲೇ ತಮ್ಮನಿಗೆ ಫೋನು ಹಚ್ಚಿದ. ನನಗೆ ಕೇಳಿಸಲಿಲ್ಲವೋ, ಈಗಲೇ ಹೊರಡು ಎಂದ. ತಮ್ಮ ಕೋಪ ಮಾಡಲಿಲ್ಲ. ನನ್ನ ರಜೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟೆನಣ್ಣ, ಅವರು ಊರಿಗೆ ಹೋಗಿಯೂ ಆಯಿತು ಎಂದ. ಮುಂದಿನ ವರ್ಷ ಬಾ ಎಂದು ಇವನು ಅಂಗಲಾಚಿದ. ನೋಡೋಣ ಎಂದು ಅವನು ಫೋನು ಇಟ್ಟ. ತಂಗಿ ಉಂಡೆಯ ತಾಟು ಹಿಡಿದು ಬಂದಾಗ ಬೇಕರಿಯವನು ಗೋಡೆಗೆ ಮುಖ ಮಾಡಿ ಅಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರೇಶ ಮುಂದೆ ಬಾಗಿ ಕೂತಿದ್ದ. ಅವನಿಗೆ ಇನ್ನೂ ಒಂದು ಆತಂಕ ಉಳಿದಿತ್ತು.

“ಅಜ್ಜಾರ, ಕಡೀಕ ಆ ಪೆಟ್ಟಿಗಿ ಕಾದು ಕೆಟ್ಟುಹೋತೇನ್ರಿ?”

“ಪೆಟ್ಟಿಗಿ ಕಾಯಲಿಲ್ಲಪಾ, ತಮ್ಮ ಕಾದ.”